ಕರ್ತೃಪದವನ್ನು ಹುಡುಕಿ ಬರೆಯಿರಿ

ಚಿಯಾತೂರಾದ ಈ ಶಾಲೆಯಲ್ಲಿ ಸೀಮೆಸುಣ್ಣವೂ
ಎರಡು ದಿನಕ್ಕೆ ಬೂದಿಬಣ್ಣಕ್ಕೆ ತಿರುಗುತ್ತದೆ.
ಮ್ಯಾಂಗನೀಸಿನ ಧೂಳು. ಕಿಟಕಿ ಹಾಕಿದರೂ ಬರುತ್ತದೆ,
ಹಾಕದಿದ್ದರೂ ಬರುತ್ತದೆ.
ಇಪ್ಪತ್ತಾರು ವರ್ಷದಿಂದ ಇಲ್ಲಿ ಸಾಹಿತ್ಯ ಹೇಳಿಕೊಡುತ್ತಿದ್ದೇನೆ.

ಈ ವಾರದ ಪಾಠ ನಾಲ್ಕೇ ಸಾಲು.
ಗಣಿ ಕೆಲಸಗಾರರ ಹಳೆಯ ಗೋಡೆಪತ್ರಿಕೆಯಲ್ಲಿ ಸಿಕ್ಕಿದ್ದು.
ಬರೆದವರ ಹೆಸರಿಲ್ಲ,
ತಾರೀಖಿನ ಜಾಗದಲ್ಲಿ ಚಹಾದ ಕಲೆ.

      ಬಾಗಿಲು ಹಾಕಿ, ಗಾಳಿ ಬರುತ್ತಿದೆ.
      ಕೆಳಗೆ ನದಿ, ಮಸಿಯಷ್ಟು ಕಪ್ಪು.
      ಆ ದಡವೂ ಅಲ್ಲ, ಈ ದಡವೂ ಅಲ್ಲ.
      ಬೆಳಗಾಗುತ್ತ ಬಂತು. ಇನ್ನೂ ಬರಲಿಲ್ಲ.

ಬರಲಿಲ್ಲ. ಯಾರು?
ಅವನೋ ಅವಳೋ ಅದೋ, ಕ್ರಿಯಾಪದ ಬಾಯಿ ಬಿಡುವುದಿಲ್ಲ.
ಈ ಪದ್ಯಕ್ಕೆ ಕರ್ತೃವೇ ಇಲ್ಲ ಎಂದೆ, ಎರಡು ಅರ್ಥದಲ್ಲೂ.
ಯಾರೂ ನಗಲಿಲ್ಲ.
ಬೋರ್ಡಿನ ಮೇಲೆ ಬರೆದೆ: ನಿರೂಪಕ, ಪ್ರತಿಮೆ, ಲಯ, ಧ್ವನಿ.
ಎರಡನೇ ಸಾಲು ನೋಡಿ, ಅದರಲ್ಲಿ ಕ್ರಿಯಾಪದವೇ ಇಲ್ಲ,
ನದಿ ಹರಿಯುವುದನ್ನೇ ಬಿಟ್ಟಿದೆ ಎಂದಾಗ
ಹಿಂದಿನ ಬೆಂಚಿನ ಎಲ್ದಾರ್ ಕೂಡ ತಲೆಯೆತ್ತಿದ.

ನೂತ್ಸಾ ಬರೆದಳು: ಬಾರದವನು ಪ್ರಿಯಕರ.
ಎರಡು ಪುಟ, ಹಸಿರು ಶಾಯಿ, ಒಂದು ಹೃದಯ ಹೊಡೆದುಹಾಕಿದ ಗುರುತು.
ಬಾಚಾನಾಗೆ ಬಾರದವನು ದೇವರು, ನದಿ ಎಂದರೆ ಸಾವು;
ನದಿ ಎಂದರೆ ಅವನಿಗೆ ಯಾವಾಗಲೂ ಸಾವೇ.
ಎಲ್ದಾರ್ ಬಾಗಿಲನ್ನು ಸರ್ಕಾರ ಮಾಡಿದ, ಗಾಳಿಯನ್ನು ಜನ.
ಏಳು, ಏಳು, ಆರು. ಹತ್ತಕ್ಕೆ.

ಗ್ವಾಂತ್ಸಾ ಬರೆದದ್ದು ಇಷ್ಟು:
"ಬಾರದೆ ಇದ್ದದ್ದು ಕರೆಂಟು.
ನಮ್ಮಜ್ಜಿ ರೋಪ್‌ವೇಯಲ್ಲಿ ಕೆಲಸಕ್ಕಿದ್ದಳು."
ನಾಲ್ಕು ಕೊಟ್ಟೆ.
ಕೆಂಪು ಶಾಯಿಯಲ್ಲಿ ಷರಾ: ವಿಶ್ಲೇಷಣೆ ಸಾಲದು.

ರಾತ್ರಿ ಪಾತ್ರೆ ತೊಳೆಯುತ್ತ ನಿಂತಾಗ ಕೈ ತಡೆಯಿತು.
ತೊಂಬತ್ತಮೂರರ ಚಳಿಗಾಲ. ನನಗೆ ಹದಿನೇಳು.
ಹಸಿ ಸೌದೆ, ಸೀಮೆಎಣ್ಣೆಯ ಕ್ಯೂ, ಕೋಟು ಹಾಕಿಕೊಂಡೇ ನಿದ್ದೆ.
ಯಾವುದೋ ಹೊತ್ತಿನಲ್ಲಿ ಇಡೀ ಬೀದಿ ಒಟ್ಟಿಗೆ ಕೂಗುತ್ತಿತ್ತು, "ಬಂತು!"
ಏನು ಬಂತು ಎಂದು ಯಾರೂ ಕೇಳುತ್ತಿರಲಿಲ್ಲ.
ಕರ್ತೃಪದ ಆಗ ಊರಿಗೆಲ್ಲ ಬಾಯಿಪಾಠ.

ಕರೆಂಟು ಹೋದರೆ ತಂತಿಯ ಮೇಲಿನ ತಗಡಿನ ಡಬ್ಬಿ
ನದಿಯ ನಡುಮಧ್ಯೆ ನಿಲ್ಲುತ್ತಿತ್ತು, ಜನರ ಸಮೇತ.
ಬಾಗಿಲು ಹಾಕಿ, ಗಾಳಿ ಬರುತ್ತಿದೆ:
ಪ್ರತಿ ಸಲವೂ ಆ ಹೆಂಗಸರು ಹೇಳುತ್ತಿದ್ದ ಮಾತು.
ನಾನೇ ಕೇಳಿದ್ದೇನೆ, ನಾನೇ ಹಾಕಿದ್ದೇನೆ ಬಾಗಿಲು.
ಪ್ರತಿಮೆ ಎಂದು ನಾನು ಅಡಿಗೆರೆ ಎಳೆದದ್ದೆಲ್ಲ
ಬರೀ ವಿಳಾಸ.

ನಾಲ್ಕನ್ನು ಹೊಡೆದು ಒಂಬತ್ತು ಮಾಡಿದೆ.
ಆದರೂ ಮನಸ್ಸು ಕೇಳದೆ, ಭಾನುವಾರ, ಮುನ್ನೂರು ಮೆಟ್ಟಿಲು ಹತ್ತಿ
ಲಾಮಾರಾ ಅಜ್ಜಿಯ ಮನೆಗೆ ಹೋದೆ.
ಮೊರದಷ್ಟು ಅಗಲದ ತಟ್ಟೆಯಲ್ಲಿ ಕೆಂಪು ಕಾಳು ಆರಿಸುತ್ತಿದ್ದಳು.
ಹಾಳೆಯನ್ನು ತೋಳುದ್ದ ದೂರ ಹಿಡಿದು ಓದಿದಳು,
ತುಟಿ ಅಲ್ಲಾಡಿಸುತ್ತ, ಒಮ್ಮೆ,
ಆಮೇಲೆ ತುಟಿ ಅಲ್ಲಾಡಿಸದೆ.

"ನೀವು ಬರೆದದ್ದಾ?"
ಉತ್ತರವಿಲ್ಲ. ಒಂದು ಕಲ್ಲು ಸಿಕ್ಕಿತು ಅವಳಿಗೆ, ಪಕ್ಕಕ್ಕಿಟ್ಟಳು.
"ಆ ರಾತ್ರಿ," ಎಂದಳು, "ಕರೆಂಟು ಮೂರೂವರೆಗೇ ಬಂತು.
ಬೆಳಗಿನವರೆಗೆ ಎಲ್ಲಿ?"
ಮತ್ತೆ ಕಾಳು.

ಇಳಿಯುವಾಗ ತಲೆಯ ಮೇಲೆ ಹೊಸ ಗಾಜಿನ ಡಬ್ಬಿಗಳು
ಸದ್ದಿಲ್ಲದೆ ಹೋಗಿಬಂದು ಮಾಡುತ್ತಿದ್ದವು.
ಬಾಗಿಲು ತಾವೇ ಹಾಕಿಕೊಳ್ಳುತ್ತವೆ.
ನೂತ್ಸಾಗೆ ಏಳು ಕೊಟ್ಟದ್ದು ಕಡಿಮೆಯಾಯಿತೆ,
ಮೂರೂವರೆಯಿಂದ ಬೆಳಗಿನವರೆಗೆ ಎಷ್ಟು ಗಂಟೆ,
ಚಳಿಗಾಲದಲ್ಲಿ ಇಲ್ಲಿ ಬೆಳಗಾಗುವುದು ಎಷ್ಟಕ್ಕೆ,
ಮೆಟ್ಟಿಲು ಎಣಿಸುವ ಬದಲು ಇದನ್ನೇ ಎಣಿಸುತ್ತ ಬಂದೆ.

ಸೋಮವಾರ ಪುಸ್ತಕಗಳನ್ನು ಹಿಂದಿರುಗಿಸಿದೆ.
ಗ್ವಾಂತ್ಸಾ ತನ್ನ ಒಂಬತ್ತನ್ನು ನೋಡಿದಳು,
ಕೆಳಗೆ ನಾನು ಹೊಡೆದುಹಾಕಲು ಮರೆತ ಷರಾ ನೋಡಿದಳು,
ನನ್ನನ್ನು ನೋಡಿದಳು.
ವಿಶ್ಲೇಷಣೆ ಸಾಲದು.
ಯಾರದು ಎಂದು
ಅಲ್ಲೂ ಬರೆದಿರಲಿಲ್ಲ.