ಒಂಬತ್ತು ನಂಬರಿನ ಬೂಟು

ಗೋಲಿಗೆ ಕಾಣುವುದು ಬರೀ ಬೆನ್ನು.
ಹಾಗಾಗಿ ಇನ್ನಾಸಿಯ ಮುಖಕ್ಕಿಂತ
ಬೆನ್ನೇ ನನಗೆ ಹೆಚ್ಚು ಪರಿಚಯ:
ಬೆವರಿಗಂಟಿದ ಬನಿಯನ್ನು,
ಅವನಮ್ಮ ಕೆಂಪು ದಾರದಲ್ಲಿ ಹೊಲಿದ ಏಳು,
ಅದರ ತಲೆಗೆರೆ ಬಿಚ್ಚಿಹೋಗಿ
ದೂರಕ್ಕೆ ಒಂದರ ಹಾಗೆ ಕಾಣುತ್ತಿತ್ತು.

ಭದ್ರಾವತಿ. ಆ ಕಡೆಯಿಂದ ಕಬ್ಬಿಣದ ಹೊಗೆ,
ಈ ಕಡೆಯಿಂದ ಕಾಗದದ ಗಬ್ಬು.
ಗಾಳಿ ಎತ್ತಲಿಂದ ಅಂತ
ಕಾರ್ನರ್ ಕಿಕ್ಕಿಗೆ ಮೊದಲು
ಮೂಗಲ್ಲೇ ಅಳೆಯುತ್ತಿದ್ದ.
ಫೌಂಡ್ರಿಯಲ್ಲಿ ಅಚ್ಚು ಹಾಕುವ ಅವನಪ್ಪ
ಎರಡನೇ ಪಾಳಿಗೆ ಹೋಗುವಾಗ
ಮೈದಾನದಂಚಿಗೆ ಸೈಕಲ್ಲು ವಾಲಿಸಿ
ತಮಿಳಲ್ಲಿ ಬೈದು, ಕನ್ನಡದಲ್ಲಿ ಹೊಗಳಿ,
ಸೈರನ್ನು ಕೂಗಿದರೆ ಹೊರಟೇಬಿಡುತ್ತಿದ್ದ,
ಚೆಂಡು ಗೋಲಿನೆದುರೇ ಇದ್ದರೂ.

ಒಂದು ಹಂಗಾಮಿಗೆ ಇಪ್ಪತ್ತಮೂರು ಗೋಲು.
ಬರಿಗಾಲಲ್ಲಿ.
ಸಾಗರದ ಹುಡುಗರು ಅವನ ಕಾಲು ಮುಟ್ಟಿ ನೋಡಿದ್ದರು.
ಭಕ್ತಿಗಲ್ಲ,
ಒಳಗೇನಾದರೂ ತುಂಬಿಸಿಕೊಂಡಿದ್ದಾನಾ ಅಂತ.

ಫೈನಲ್ಲಿಗೆ ಬೂಟು ಕಡ್ಡಾಯ ಅಂದರು.
ತೊಂಬತ್ತನಾಲ್ಕರ ಜನವರಿ, ಶಿವಮೊಗ್ಗದ ಸ್ಟೇಡಿಯಂ.
ನನ್ನ ಹಳೇದು ಕೊಟ್ಟೆ. ನನ್ನದು ಒಂಬತ್ತು, ಅವನದು ಏಳು.
ನಡುವಿನ ಎರಡು ನಂಬರಿಗೆ
ಹಿಂದಿನ ದಿನದ ಪೇಪರು ತುರುಕಿದೆವು.
ರಾತ್ರಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು
ಎರವಲು ಪಾನದಲ್ಲಿ
ಹನ್ನೆರಡು ಸ್ಟಡ್ಡೂ ನಾನೇ ಬಿಗಿ ಮಾಡಿದೆ.

ಒಂದು ಒಂದು. ಕೊನೇ ನಿಮಿಷ. ಪೆನಾಲ್ಟಿ.
ಓಡಿದ. ಬೆನ್ನು ಕಂಡಿತು.
ಆಮೇಲೆ ಕಾಣಲಿಲ್ಲ.
ಊರಿದ ಎಡಗಾಲು ಜಾರಿ ಮಲಗಿದ್ದ.
ಚೆಂಡು ಮೆಲ್ಲಗೆ ಹೋಗಿ
ದಾವಣಗೆರೆಯ ಗೋಲಿಯ ತೋಳಿಗೆ
ಎತ್ತಿಕೋ ಎಂದ ಮಗುವಿನ ಹಾಗೆ ಸೇರಿತು.

ಬೂಟಿಗೆ ಪಾಲಿಶ್ ಹಾಕಿ ವಾಪಸು ಕೊಟ್ಟ.
ವಾಯುಪಡೆಯ ರ‍್ಯಾಲಿಗೆ ಹೋದ, ಸೇರಿದ.
ಜೋರ್ಹಾಟಿನಿಂದ ಒಂದು ಕಾರ್ಡು ಬಂತು:
ಮಂಡಿ ಹೋಯಿತು, ಆಟ ಮುಗಿಯಿತು,
ಇಂಜಿನ್ನಿಗೆ ಹಾಕಿದ್ದಾರೆ, ಇಲ್ಲಿ ಮೀನು ಚೆನ್ನಾಗಿದೆ.
ಇಪ್ಪತ್ತು ವರ್ಷ ರೆಕ್ಕೆಯ ಕೆಳಗೆ.
ಆಮೇಲೆ ಪರೀಕ್ಷೆ, ಲೈಸೆನ್ಸು, ಬೆಂಗಳೂರಿನ ಕಂಪನಿ.
ಊರಲ್ಲಿ ಎಲ್ಲರೂ ಪೈಲಟ್ ಇನ್ನಾಸಿ ಅನ್ನುತ್ತಾರೆ.
ಹಾರಿಸುವವನಲ್ಲ ಮಾರಾಯರೇ,
ಹಾರಬಹುದು ಅಂತ ಸಹಿ ಹಾಕುವವನು.
ಯಾರೂ ಕೇಳಿಸಿಕೊಳ್ಳುವುದಿಲ್ಲ.

ನಾನು ಕಾಗದದ ಮಿಲ್ಲಿನಲ್ಲಿದ್ದೆ, ಅದು ಮುಚ್ಚುವ ತನಕ.
ಈಗ ತರೀಕೆರೆ ರಸ್ತೆಯ ವೇಬ್ರಿಡ್ಜಿನಲ್ಲಿ
ಲಾರಿ ತೂಗುತ್ತೇನೆ.

ಹೋದ ಶ್ರಾವಣದಲ್ಲಿ ಸೋಗಾನೆಯಲ್ಲಿ
ವಿಮಾನವೊಂದು ಕೆಟ್ಟು ನಿಂತಿತು.
ರಿಪೇರಿಗೆ ಬಂದವನು ಇವನು,
ರಾತ್ರಿಯೆಲ್ಲ ಕಾರಲ್ಲಿ, ತೊಡೆಯ ಮೇಲೆ ಪೆಟ್ಟಿಗೆ.
ಕೆಲಸ ಮುಗಿದ ಮೇಲೆ ಫೋನು ಮಾಡಿದ.
ಗೇಟಿನಾಚೆ ಚಾದಂಗಡಿ. ತಲೆ ಬೋಳಾಗಿತ್ತು.
ಉಗುರಿನ ಸಂದಿನ ಕಪ್ಪು
ಥೇಟು ಅವನಪ್ಪನದೇ.
ಎರಡನೇ ಲೋಟಕ್ಕೆ ಕೇಳಿಯೇಬಿಟ್ಟೆ,
ಮೂವತ್ತು ವರ್ಷದ ಮೇಲೆ:
ಬೂಟು ದೊಡ್ಡದಾಗಿತ್ತೇನೋ?

ನಕ್ಕ. "ಇಲ್ಲ ಕಣೋ ರುದ್ರಮುನಿ.
ಹಿಮ್ಮಡಿ ಹತ್ತಿರ ಒಂದು ಸ್ಟಡ್ಡು ಅಲ್ಲಾಡ್ತಿತ್ತು.
ಹಾಫ್‌ಟೈಮಲ್ಲೇ ನೋಡಿದ್ದೆ.
ಇರಲಿ ಬಿಡು ಅಂದ್ಕೊಂಡೆ."
ಮತ್ತೆ ಬಿಸ್ಕತ್ತು ಅದ್ದಿದ.

ಹನ್ನೆರಡನ್ನೂ ಬಿಗಿ ಮಾಡಿದ್ದೆ ನಾನು,
ಎಣಿಸಿ, ಒಂದೊಂದನ್ನೂ ಉಗುರಲ್ಲಿ ಒತ್ತಿ.
ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದನೆ?
ಇಲ್ಲ, ಹನ್ನೊಂದಕ್ಕೇ ತೂಕಡಿಸಿ
ಹನ್ನೆರಡು ಅಂದುಕೊಂಡು ಎದ್ದೆನೆ?

ಸಂಜೆ ವಿಮಾನ ಹೊರಟಿತು.
ಅವನು ಅದರಲ್ಲಿರಲಿಲ್ಲ.
ಬೇಲಿಯೊಳಗೆ ಕಿತ್ತಳೆ ಜಾಕೀಟು ತೊಟ್ಟು,
ಕತ್ತು ತುಸು ವಾಲಿಸಿ,
ಸದ್ದು ಮುಗಿಯುವ ತನಕ ಕೇಳುತ್ತ ನಿಂತಿದ್ದ.
ನನಗೆ ಮತ್ತೆ ಬೆನ್ನು.
ನಂಬರಿರಲಿಲ್ಲ.

ಮರುದಿನ ಮೊದಲ ಲಾರಿ ಹತ್ತುವ ಮುಂಚೆ
ಕೆಂಪು ಅಂಕಿಗಳು ಸೊನ್ನೆಗೆ ಬಂದು ನಿಲ್ಲಲಿ ಅಂತ ಕಾದೆ.
ಇಪ್ಪತ್ತು ಕೆಜಿ ಅತ್ತಿತ್ತ ಯಾರು ಕೇಳುತ್ತಾರೆ,
ಡ್ರೈವರು ಹಾರನ್ನು ಒತ್ತಿದ.
ಒತ್ತಲಿ.