ಮಧ್ಯಮದ ಮನೆ

ಸಲ್ಮಾಬಾದಿನ ಕ್ಯಾಂಪು, ಬಟ್ಟೆ ಒಗೆಯುವ ಕೋಣೆ.
ಮೂರು ಮೆಷಿನ್ನು, ಒಂದು ಕೆಟ್ಟದ್ದು;
ಅದರ ಮೇಲೇ ನಮ್ಮ ಹಾರ್ಮೋನಿಯಂ.
ಗಂಟುಮೂಟೆ ಕಟ್ಟಿ ಊರಿಗೆ ಹೊರಟ ಯಾರದೋ ಮನೆಯಿಂದ
ಹದಿನೆಂಟು ದಿನಾರಿಗೆ, ಚಂದಾ ಎತ್ತಿ ತಂದದ್ದು.

ಸಿಸ್ಟರ್ ಫೆಲ್ಸಿ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ
ಶುಕ್ರವಾರ ನೇರ ಇಲ್ಲಿಗೇ ಬರುತ್ತಾರೆ.
ಫೀಸು ಎಷ್ಟು ಅಂದರೆ,
‘ಚಾ ಕೊಡಿ, ಸಕ್ಕರೆ ಬೇಡ.’

ನಮ್ಮದೋ, ಕಬ್ಬಿಣದ ಸರಳು ಬಗ್ಗಿಸಿದ ಬೆರಳು;
ಒಂದು ಒತ್ತಿದರೆ ಮೂರು ಕೂಗುತ್ತವೆ.
ಸಿಸ್ಟರ್ ನಕ್ಕು, ಆಳಿಗೊಂದು ಸ್ವರ ಹಂಚಿದರು,
ಮೆಸ್ಸಿನಲ್ಲಿ ಮೀನು ಹಂಚುವ ಹಾಗೆ.
ಸ ಮೋನಪ್ಪನಿಗೆ, ರಿ ನನಗೆ,
ಗ ಹಮೀದಾಕನಿಗೆ, ಮ ಕ್ರೇನಿನ ಎಲ್ಲಯ್ಯನಿಗೆ.
ನಿ ಸಿಕ್ಕ ಕೊಟ್ರೇಶಿ ಗೊಣಗಿದ:
‘ನನ್ನನ್ನ ಬಾಗಿಲ ಹೊರಗೇ ನಿಲ್ಲಿಸಿದಿರಲ್ಲ!’

ಒಂದು ಪೆಟ್ಟಿಗೆಯ ಸುತ್ತ ಏಳು ಜನ,
ಭುಜಕ್ಕೆ ಭುಜ ತಿಕ್ಕಿ, ಬೆವರಿ,
ಅಂತೂ ಮೇಲೆ ಹತ್ತಿ ಕೆಳಗಿಳಿದೆವು.

ಮೊನ್ನೆ ಎಲ್ಲಯ್ಯನಿಗೆ ಪಾಳಿ ಬದಲಾಯಿತು.
ಗ ಆದ ಮೇಲೆ ಒಂದು ಗುಂಡಿ.
ಬೇರೆ ಯಾರಾದರೂ ಒತ್ತಬಹುದಿತ್ತು,
ಒತ್ತಲಿಲ್ಲ. ಅದು ಅವನ ಜಾಗ.
ಸ ರಿ ಗ,
ಸುಮ್ಮನೆ,
ಪ ದ ನಿ.

ಎರಡನೇ ಸುತ್ತಿನಲ್ಲಿ
ಆ ಗುಂಡಿಯೊಳಗಿಂದ ಯಾರೋ ಹಾಡಿದರು.
ತಿರುಗಿದರೆ ಹೊಸ್ತಿಲಲ್ಲಿ ಮೊಹಿಬುಲ್,
ಪಾತ್ರೆ ತೊಳೆಯುವ ಹುಡುಗ, ಮೊಣಕೈವರೆಗೆ ನೊರೆ.
ಎಷ್ಟು ವಾರದಿಂದ ನಿಂತಿದ್ದನೋ
ದುಡ್ಡು ಕೊಡಬೇಕು ಅಂದುಕೊಂಡು.

ಸಿಸ್ಟರ್ ಏನೂ ಹೇಳಲಿಲ್ಲ.
ಹಮೀದಾಕ ಒಂದಿಷ್ಟು ಸರಿದರು.

ಮಧ್ಯಮದ ಮನೆಯ ಮೇಲೆ
ಒಣಗಿದ ನೊರೆಯ ಕಲೆ ಹಾಗೇ ಇದೆ.
ಎಲ್ಲಯ್ಯ ಬಂದರೆ ಒರೆಸುತ್ತಾನೋ ಏನೋ,
ನೋಡಬೇಕು.