ಇನ್ನೂರ ಹನ್ನೆರಡು ಚುಕ್ಕಿ

ಶುಕ್ರವಾರ ಸಂಜೆ ಆರಕ್ಕೆ ಗೋಡೆಯ ಮೇಲೆ ವಿಷಯ ಬಂತು,
ಒಂದೇ ಪದ: ಕೈಬಿಡು.
ವಾಲ್ಪರೈಸೊದ ಹಳೆಯ ಸುಂಕದ ಗೋದಾಮಿನಲ್ಲಿ
ಹದಿನಾಲ್ಕು ಗುಂಪು, ನಲವತ್ತೆಂಟು ಗಂಟೆ,
ಒಂದೇ ಒಂದು ಕೆಟಲು.

ಯಾಸ್ನಾದು ಕೋಡು. ಎಲೀಸಿಯೊದು ಚಿತ್ರ.
ನನ್ನದು ಸದ್ದು.
"ಬೆರಳಿಂದ ಗೆರೆ ಎಳಿ," ಅಂದಳು ಯಾಸ್ನಾ,
"ಎಳೆದು ಮುಗಿಸುವ ತನಕ ಗೋಲಿ ಅಲುಗುವುದಿಲ್ಲ.
ಬೆರಳೆತ್ತಿದೆಯೋ, ಆಮೇಲೆ ಅದುಂಟು, ಗುರುತ್ವ ಉಂಟು,
ನೀನು ಬರೀ ನೋಡಬೇಕು."
ಆಟ ಇಷ್ಟೇ.
ಮೇಲೊಂದು ಚುಕ್ಕಿ, ಕೆಳಗೆ ದೂರದಲ್ಲಿ ಒಂದು ಚುಕ್ಕಿ,
ನಡುವೆ ನಿನ್ನ ಗೆರೆ.

ಮೊದಲ ರಾತ್ರಿ ಗೋಲಿ ಗೆರೆಯನ್ನೇ ತೂರಿ ಕೆಳಗೆ ಬಿತ್ತು.
ವೇಗ ಹೆಚ್ಚಾದರೆ ಹಾಗೇ, ಅಂದಳು;
ಈ ಕ್ಷಣ ಗೆರೆಯ ಮೇಲಿದೆ, ಮರುಕ್ಷಣ ಕೆಳಗಿದೆ,
ದಾಟಿದ ಗಳಿಗೆಯನ್ನು ಯಂತ್ರ ನೋಡಿಯೇ ಇಲ್ಲ.
ಕಾಲದ ಹೆಜ್ಜೆಯನ್ನು ಕಿರಿದು ಮಾಡಿದಳು. ಈಗ ಗೋಲಿ
ಗೆರೆಗೆ ಅಂಟಿ ಕೂತು ಏಳಲೊಲ್ಲದು.
ಘರ್ಷಣೆ ೦.೪, ೦.೧, ೦.೦೨...
ಸಾರಿಗೆ ಉಪ್ಪು ನೋಡುವವಳಂತೆ
ಮೂರು ಗಂಟೆಯವರೆಗೂ ರುಚಿ ನೋಡಿದಳು.

ನಾನು ನೂರು ಪೆಸೊ ನಾಣ್ಯ ಹಿಡಿದು ಹೊರಗೆ ಹೋದೆ.
ಈ ಊರಲ್ಲಿ ಸಮತಟ್ಟು ಅಂತಿರುವುದು ಬಂದರಿನ ಬುಡದಲ್ಲಷ್ಟೇ,
ಉಳಿದದ್ದೆಲ್ಲ ಗುಡ್ಡಕ್ಕೆ ನೇತುಬಿದ್ದ ತಗಡಿನ ಮನೆಗಳು.
ಮೆಟ್ಟಿಲ ಪಕ್ಕದ ಚರಂಡಿಯಲ್ಲಿ ನಾಣ್ಯ ಉರುಳಿಸಿ
ಸದ್ದು ಹಿಡಿದೆ. ಹನ್ನೊಂದನೇ ಸಲಕ್ಕೆ
ನಾಯಿಯೊಂದು ಅದನ್ನು ಕಚ್ಚಿಕೊಂಡು ಓಡಿತು.
ಅದರ ಉಗುರುಗಳ ಟಕಟಕವೂ ಆಟದಲ್ಲಿದೆ.
ಯಾರೂ ಗುರುತಿಸಿಲ್ಲ.

ಶನಿವಾರ ರಾತ್ರಿ ಎರಡಕ್ಕೆ ಕಾವಲುಗಾರ
ದೋನ್ ಎರ್ಮೋಹೆನೆಸ್ ಬೀಗದ ಕೈ ಗೊಂಚಲು ಕುಲುಕುತ್ತ ಬಂದ.
ಗುಡ್ಡ ಹತ್ತುವ ಹಗ್ಗದ ಬಂಡಿಗೆ
ಮೂವತ್ತೊಂದು ವರ್ಷ ಬ್ರೇಕು ಹಿಡಿದವನು.
"ನಾನೂ ಒಂದು ಎಳೆಯಲಾ?"

ನಾವೆಲ್ಲ ಎಳೆದದ್ದು ನೇರ, ಅಳತೆಪಟ್ಟಿ ಇಟ್ಟು.
ಎರಡು ಚುಕ್ಕಿಗೆ ಅದಕ್ಕಿಂತ ಹತ್ತಿರದ ದಾರಿಯಿಲ್ಲ,
ಶಾಲೆಯಲ್ಲಿ ಉರು ಹೊಡೆದಿದ್ದೇವೆ.
ಅವನ ಬೆರಳು ಸೀದಾ ಕೆಳಗೆ ಧುಮುಕಿತು,
ಗುರಿಗಿಂತಲೂ ತಗ್ಗಿಗೆ ಹೋಗಿ, ಅಲ್ಲಿ ಹೊರಳಿ,
ಮೆಲ್ಲಗೆ ಮೇಲೆದ್ದು ಆಚೆ ಚುಕ್ಕಿ ಸೇರಿತು.
"ಎಂಥಾ ಬಳಸುದಾರಿ," ನಕ್ಕ ಎಲೀಸಿಯೊ.
ಮುದುಕ ಬೆರಳೆತ್ತಿದ.

ಒಂದು ಪಾಯಿಂಟ್ ಮೂರೊಂದು ಸೆಕೆಂಡು.
ನಮ್ಮದು ಒಂದು ಪಾಯಿಂಟ್ ಏಳುನಾಲ್ಕು.
ಯಾಸ್ನಾ ಮತ್ತೆ ಉರುಳಿಸಿದಳು. ಅಷ್ಟೇ.
"ಮೊದಲೇ ಬಿದ್ದುಬಿಡಬೇಕು," ಅಂದ,
"ಬಿದ್ದ ವೇಗವೇ ಆಮೇಲಿನ ದಾರಿಖರ್ಚು.
ಬಂಡಿಯಲ್ಲಿ ಹಾಗೆ ಮಾಡಿದ್ದರೆ ಜನ ಸಾಯುತ್ತಿದ್ದರು.
ಹಿಡಿದದ್ದೇ ಹಿಡಿದದ್ದು, ಮೂವತ್ತೊಂದು ವರ್ಷ.
ಬಿಟ್ಟರೆ ಹೇಗಿದ್ದೀತು ಅಂತ
ದಿನಾ ಕೈಯೊಳಗೇ ಲೆಕ್ಕ ಹಾಕುತ್ತಿದ್ದೆ."

ಕಡಿಮೆ ಶಾಯಿಗೆ ಹೆಚ್ಚು ಅಂಕ, ಇದು ನಮ್ಮ ನಿಯಮ.
ಅದರಂತೆ ಅವನು ಎಲ್ಲರಿಗಿಂತ ಕೊನೆ.
ಎಲೀಸಿಯೊ ಬೇಡ ಬೇಡ ಅಂದರೂ
ನಾಲ್ಕು ಗಂಟೆಗೆ ಯಾಸ್ನಾ ಆ ನಿಯಮವನ್ನು ಅಳಿಸಿದಳು,
ಅದರ ಜೊತೆ ಇನ್ನೇನೋ ಅಳಿಸಿಹೋಗಿ
ಎರಡನೇ ಹಂತದ ಬಾಗಿಲು ತೆರೆಯಲೇ ಇಲ್ಲ.
ಒಂಬತ್ತನೇ ಸ್ಥಾನ. ಕೆಟಲನ್ನು ಯಾರೋ ಸುಟ್ಟಿದ್ದರು.

ಅವನ ಗೆರೆ ಮಾತ್ರ ಕಡತದಲ್ಲಿದೆ,
ಇನ್ನೂರ ಹನ್ನೆರಡು ಚುಕ್ಕಿ, ಬರೀ ಅಂಕಿ.
ನೂರ ನಲವತ್ತಕ್ಕೂ ನೂರ ನಲವತ್ತೊಂದಕ್ಕೂ ನಡುವೆ
ಒಂದು ಸಂದು: ಅಲ್ಲಿ ಕೆಮ್ಮು ಬಂದು ಕೈ ಜಿಗಿದಿತ್ತು.
ಅಲ್ಲಿ ಗೆರೆಯೇ ಇಲ್ಲ.
ಗೋಲಿ ದಾಟಿತ್ತು,
ನಾವ್ಯಾರೂ ನೋಡಿರಲಿಲ್ಲ.